ಮರೆತದ್ದಲ್ಲ, ದಾಖಲಾಗಲೇ ಇಲ್ಲ

ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲಿನ ಹುಡುಗನೊಬ್ಬ ಖಾಲಿ ಹೊಟ್ಟೆಯಲ್ಲಿ ಗಂಟೆಯೊಳಗೆ ಒಂದು ಕ್ವಾರ್ಟರ್ ವಿಸ್ಕಿ ಮುಗಿಸುತ್ತಾನೆ, ಮೇಲೊಂದು ಪೆಗ್ಗು ಹಾಕುತ್ತಾನೆ. ಹಾಡುತ್ತಾನೆ, ಜಗಳ ಕಾಯುತ್ತಾನೆ, ತಾನೇ ಮೆಟ್ಟಿಲು ಹತ್ತಿ ರೂಮು ಸೇರುತ್ತಾನೆ. ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿಲ್ಲ. 'ನಾಟಕ ಆಡ್ತಾನೆ' ಅನ್ನುತ್ತಾರೆ ಗೆಳೆಯರು. ಖಂಡಿತ ನಾಟಕವಲ್ಲ.

1970ರ ಸುಮಾರಿಗೆ ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್ವಿನ್ ಹತ್ತು ಮಂದಿ ಕುಡುಕರಿಗೆ ಗಂಟೆಗಟ್ಟಲೆ ವಿಸ್ಕಿ ಕೊಟ್ಟು, ಮುಚ್ಚಿದ ಬಾಣಲೆ ಹಿಡಿದು 'ಹಸಿವಾಗಿದೆಯೇ?' ಎಂದು ಕೇಳಿದರು. ಒಳಗಿರುವುದು ಸತ್ತ ಇಲಿಗಳು ಎಂದೂ ಹೇಳಿದರು. ಎರಡು ನಿಮಿಷದ ನಂತರ ಎಲ್ಲರಿಗೂ ನೆನಪಿತ್ತು. ಅರ್ಧ ಗಂಟೆಯಾದ ಮೇಲೆ ಅರ್ಧದಷ್ಟು ಜನರಿಗೆ ಬಾಣಲೆಯೂ ಇಲ್ಲ, ಇಲಿಯೂ ಇಲ್ಲ!

ಕರಿಹಲಗೆಯ ಮೇಲೆ ಬರೆದದ್ದು ನೋಟ್‌ಬುಕ್ಕಿಗೆ ಇಳಿಯಲಿಲ್ಲ, ಅಷ್ಟೆ. ಇಳಿಸುವ ಗುಮಾಸ್ತ ಮೆದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗ. ಅಲ್ಲಿನ ನರಕೋಶಗಳಲ್ಲಿ ಎನ್‌ಎಂಡಿಎ ಎಂಬ ಬಾಗಿಲುಗಳಿವೆ. ಬ್ಯಾಂಕಿನ ಲಾಕರಿನಂತೆ ಎರಡು ಕೀಲಿ ಬೇಕು: ಪಕ್ಕದ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಯಬೇಕು, ಈ ಕೋಶವೂ ಅದೇ ಹೊತ್ತಿಗೆ ವಿದ್ಯುತ್ತಿನಿಂದ ಚುರುಕಾಗಿ, ದಾರಿಗೆ ಬಿರಡೆಯಂತೆ ಕೂತ ಮೆಗ್ನೀಸಿಯಂ ಕಣವನ್ನು ಹೊರದಬ್ಬಬೇಕು. ಆಗ ಕ್ಯಾಲ್ಸಿಯಂ ಒಳನುಗ್ಗಿ ಆ ಎರಡು ಕೋಶಗಳ ನಂಟು ಗಟ್ಟಿಯಾಗುತ್ತದೆ. ನೆನಪು ಅಂದರೆ ಈ ನಂಟೇ. ಮದ್ಯ ಈ ಬಾಗಿಲಿಗೇ ಅಡ್ಡ ನಿಲ್ಲುತ್ತದೆ. ಸಾಲದ್ದಕ್ಕೆ ನರಕೋಶಗಳನ್ನು ನಿಧಾನಿಸುವ ಗಾಬಾ ಎಂಬ ಬ್ರೇಕನ್ನೂ ಒತ್ತುತ್ತದೆ. ಮಾತು, ನಡಿಗೆ ಬೇರೆ ಭಾಗಗಳ ಕೆಲಸವಾದ್ದರಿಂದ ನಡೆದುಕೊಂಡೇ ಹೋಗುತ್ತವೆ. ಕಾಲು ತಡವರಿಸದಿದ್ದರೆ ತಲೆಯೂ ಸರಿಯಿದೆ ಎಂಬ ನಂಬಿಕೆ ಅದಕ್ಕೇ ಅಪಾಯಕಾರಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 772 ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಎಂದಾದರೂ ಕುಡಿದವರಲ್ಲಿ 51% ಮಂದಿ ಹೀಗೆ ನೆನಪು ತಪ್ಪಿದ್ದುಂಟು ಎಂದರು.

ಕುಡಿದ ಒಟ್ಟು ಲೆಕ್ಕದಷ್ಟೇ ಅದು ರಕ್ತದಲ್ಲಿ ಏರುವ ವೇಗವೂ ಮುಖ್ಯ. 42.8% ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಮಿ.ಲೀ.ನಲ್ಲಿ, ಸುಮಾರು 61 ಗ್ರಾಂ ಮದ್ಯಸಾರ. 60 ಕೆ.ಜಿ. ಹುಡುಗನ 100 ಮಿ.ಲೀ. ರಕ್ತದಲ್ಲಿ ಅದು 150 ಮಿ.ಗ್ರಾಂ. ಹತ್ತಿರ ಬರುತ್ತದೆ, ವಾಹನ ಓಡಿಸಲು ಕಾನೂನಿನ ಮಿತಿ 30. ಹೊಟ್ಟೆ ತುಂಬಿದ್ದರೆ ಏರಿಕೆ ನಿಧಾನ. ಇಳಿಯುವುದು ಮಾತ್ರ ಗಂಟೆಗೆ ಸುಮಾರು 15 ಮಿ.ಗ್ರಾಂ. ಮಜ್ಜಿಗೆ, ಲಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಇದನ್ನು ಚುರುಕುಗೊಳಿಸದು. ಬೆಳಿಗ್ಗೆ 8ಕ್ಕೆ ಕ್ಲಾಸಿಗೆ ಹೊರಟವನ ರಕ್ತದಲ್ಲಿ ಮೇಲೆ ಹಾಕಿದ ಪೆಗ್ಗೂ ಸೇರಿ ರಾತ್ರಿ 10ರ ವಿಸ್ಕಿ ಇನ್ನೂ ಉಳಿದಿರಬಹುದು. ಕನಸಿನ ನಿದ್ರೆಯೂ ಕೆಟ್ಟಿರುವುದರಿಂದ ಹಿಂದಿನ ದಿನ ಓದಿದ್ದು ಕೂಡ ಸರಿಯಾಗಿ ನಿಲ್ಲುವುದಿಲ್ಲ.

ಮಿತಿಮೀರಿ ಕುಡಿದವನನ್ನು 'ಮಲಗಿದರೆ ಸರಿಹೋಗುತ್ತೆ' ಎಂದು ಬಿಟ್ಟು ಹೋಗಬೇಡಿ. ಹೊಟ್ಟೆಯಲ್ಲಿ ಉಳಿದದ್ದು ನಿದ್ದೆಯಲ್ಲೂ ರಕ್ತಕ್ಕೆ ಇಳಿಯುತ್ತಿರುತ್ತದೆ. ವಾಂತಿ ಶ್ವಾಸಕ್ಕೆ ಸಿಕ್ಕದಂತೆ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಕೂತು ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಅಲುಗಿಸಿದರೂ ಏಳದಿದ್ದರೆ, ತಕ್ಷಣ 108ಕ್ಕೆ ಕರೆ ಮಾಡಿ.