ದತ್ತಿಯಿಂದ ಅರ್ಜಿಯವರೆಗೆ: ಪರಂಪರೆ ಉಳಿಸುವ ಹಣದ ಕಥೆ

ಯಕ್ಷಗಾನ, ತೊಗಲುಬೊಂಬೆ, ಹಳೇ ಗುಡಿ, ಓಲೆಗರಿಯ ಕಟ್ಟು. ಇವನ್ನು ಉಳಿಸುವ ಕೆಲಸ ಇಂದು ಬಹಳಷ್ಟು ಕಡೆ ಊರಿನ ಸಣ್ಣ ಸಂಘ, ಟ್ರಸ್ಟ್‌ಗಳ ಹೆಗಲ ಮೇಲಿದೆ. ಆದರೆ ಅನುದಾನಕ್ಕೆ ಅರ್ಜಿ ಹಾಕಲು ಕೂತರೆ ಮೊದಲು ಬೇಕಾಗುವುದು ನೋಂದಣಿ ಪತ್ರ, ಪ್ಯಾನ್, ಆಡಿಟ್ ಆದ ಲೆಕ್ಕ, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ದರ್ಪಣ್‌ನ ಸಂಖ್ಯೆ. ಕಲೆಯ ಮಾತು ಆಮೇಲೆ.

ಹಿಂದೆ ಇದಕ್ಕೆಲ್ಲ ದತ್ತಿ ಇರುತ್ತಿತ್ತು. ನಮ್ಮ ಶಾಸನಗಳಲ್ಲಿ ದೊಡ್ಡ ಪಾಲು ದಾನದ ದಾಖಲೆಯೇ ಅಲ್ವಾ? ಇಂಥ ಗುಡಿಯ ನಂದಾದೀಪಕ್ಕೆ ಇಂಥ ಗದ್ದೆ, ಇಷ್ಟು ಸುಂಕ ಎಂದು ಕಲ್ಲಿನಲ್ಲೇ ಬರೆಸುತ್ತಿದ್ದರು. ಕಿತ್ತುಕೊಂಡವನು 60 ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಜೊತೆಗಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯಗಳೂ ಇದ್ದವು. ಗದ್ದೆ ಗೇಯುವವರ ಪಾಡು ಬೇರೆಯೇ ಇತ್ತು. ಆದರೆ ದೀಪಕ್ಕೆ ಎಣ್ಣೆ ವರ್ಷವೂ ಬರುತ್ತಿತ್ತು. ಅರಮನೆಗಳ ಆಳ್ವಿಕೆ ಮುಗಿಯಿತು, ಇನಾಮು ರದ್ದಾಯಿತು, ಭೂಸುಧಾರಣೆ ಬಂತು. ಆ ಆದಾಯ ನಿಂತಿತು.

ಆ ಜಾಗಕ್ಕೆ ಸರ್ಕಾರ ಬಂತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಆರಂಭವಾಯಿತು. ರಾಜ್ಯದಲ್ಲೂ ಅಕಾಡೆಮಿಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬಂದವು. ಖಜಾನೆಯ ಹಣ ಅಂದಮೇಲೆ ಲೆಕ್ಕ ಕೇಳುವುದು ಸರಿಯೇ. ಹೀಗೆ ಕಂತು, ರಸೀದಿ, ಹಣ ಬಳಕೆ ಪ್ರಮಾಣಪತ್ರ ಎಲ್ಲ ಬಂದವು. ದೊಡ್ಡ ಬದಲಾವಣೆ ಬೇರೆಯದು: ದತ್ತಿ ನಿತ್ಯದ ಖರ್ಚಿಗೆ ಇತ್ತು, ಅನುದಾನ ಹೆಚ್ಚಾಗಿ ಒಂದು ಉತ್ಸವಕ್ಕೆ, ಒಂದು ಯೋಜನೆಗೆ. ಪರಂಪರೆಗೆ ಬೇಕಾದದ್ದು ದಿನನಿತ್ಯದ ಆರೈಕೆ. ಗುರು-ಶಿಷ್ಯರ ತಂಡಕ್ಕೆ ತಿಂಗಳ ಸಂಭಾವನೆ ಕೊಡುವ ಕೇಂದ್ರದ ರೆಪರ್ಟರಿ ಅನುದಾನ ಇದಕ್ಕೆ ಒಳ್ಳೆಯ ಅಪವಾದ. ಅದರಲ್ಲಿ ಗುರುವಿಗೆ ತಿಂಗಳಿಗೆ 15 ಸಾವಿರ, ಶಿಷ್ಯರಿಗೆ ವಯಸ್ಸಿನ ಪ್ರಕಾರ 2 ಸಾವಿರದಿಂದ 10 ಸಾವಿರ ರೂಪಾಯಿ ನಿಗದಿಯಾಗಿದೆ.

ಹೊರದೇಶದ ಹಣವೂ ಇಲ್ಲಿ ಕೆಲಸ ಮಾಡಿದೆ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಅಮೆರಿಕದ ದತ್ತಿ ಸಂಸ್ಥೆಯಾದ ಫೋರ್ಡ್ ಫೌಂಡೇಶನ್ ನೆರವಿನಿಂದ 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆ ನಡೆಸಿತು. ನಾಟಕ, ಸಿನಿಮಾ ಶಿಬಿರಗಳು ಹಳ್ಳಿಗಳಿಗೆ ಹೋದವು. ಇಂಥ ಹಣದ ಮೇಲೆ ತುರ್ತು ಪರಿಸ್ಥಿತಿಯ ಕಾಲದಲ್ಲೇ, 1976ರಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಬಂದಿತ್ತು. 2010ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. 2020ರ ತಿದ್ದುಪಡಿ ಮಾತ್ರ ಸಣ್ಣವರನ್ನು ಜಾಸ್ತಿ ತಟ್ಟಿತು. ವಿದೇಶಿ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಘಕ್ಕೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ವಿದೇಶಿ ಹಣ ನೇರವಾಗಿ ಪಡೆಯಲು ಸ್ವಂತ ನೋಂದಣಿ ಬೇಕೆಂದರೆ ಹಿಂದಿನ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಳ್ಳಿಯ ಬೊಂಬೆಯಾಟದ ತಂಡಕ್ಕೆ ಅಷ್ಟು ಹಣ ಎಲ್ಲಿಂದ ಬರಬೇಕು?

ಇನ್ನೊಂದು ದಾರಿ ತೆರೆದದ್ದು 2013ರ ಕಂಪನಿ ಕಾಯ್ದೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅದರ ಪಟ್ಟಿಯಲ್ಲಿ ಐತಿಹಾಸಿಕ ಕಟ್ಟಡಗಳ ದುರಸ್ತಿ, ಸಾಂಪ್ರದಾಯಿಕ ಕಲೆ, ಕರಕುಶಲ ಎಲ್ಲವೂ ಇವೆ. 2021ರ ಏಪ್ರಿಲ್‌ನಿಂದ ಈ ಹಣದಲ್ಲಿ ಕೆಲಸ ಮಾಡುವ ಸಂಘಕ್ಕೂ ಪ್ರತ್ಯೇಕ ನೋಂದಣಿ ಬೇಕು.

ನನಗೆ ಹಿಡಿಸುವ ಮಾದರಿ ನಮ್ಮಲ್ಲೇ ಇದೆ. 1991ರಲ್ಲಿ ಶುರುವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೇ ದೇವಸ್ಥಾನಗಳನ್ನು ದುರಸ್ತಿ ಮಾಡುತ್ತದೆ. ಸರ್ಕಾರದ್ದು ಶೇ 40, ಟ್ರಸ್ಟ್‌ನದು ಶೇ 40, ಊರವರದು ಶೇ 20. ಲೆಕ್ಕಪತ್ರ ನೋಡಿಕೊಳ್ಳಲು ದೊಡ್ಡ ಸಂಸ್ಥೆಯಿದೆ, ಕಾವಲಿಗೆ ಊರಿದೆ. ಕೈಯಿಂದ ಹಣ ಹಾಕಿದ ಊರು ಆ ಗುಡಿಯಲ್ಲಿ ಮತ್ತೆ ಗಿಡ ಬೆಳೆಯಲು ಬಿಡುವುದಿಲ್ಲ.

ಹೊಸ ಸಂಘಗಳಿಗೆ ಒಂದು ಮಾತು. ಹೆಚ್ಚಿನ ಕಡೆ ಮೂರು ವರ್ಷದ ಇತಿಹಾಸ ಕೇಳುತ್ತಾರೆ. ಹಾಗಾಗಿ ನೋಂದಣಿಯಾದ ಮೊದಲ ವರ್ಷದಿಂದಲೇ ಸಭೆಯ ನಡಾವಳಿ ಬರೆದಿಡಿ, ಆಡಿಟ್ ಮಾಡಿಸಿ. ಪ್ರದರ್ಶನದ ಫೋಟೋ, ಪತ್ರಿಕಾ ವರದಿ ಜೋಡಿಸಿಡಿ. ಆದಾಯ ತೆರಿಗೆ ವಿನಾಯಿತಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2025ರಲ್ಲಿ ಸಣ್ಣ ಟ್ರಸ್ಟ್‌ಗಳಿಗೆ ಅದನ್ನು ಹತ್ತು ವರ್ಷ ಮಾಡಿದ್ದಾರೆ. ಇನ್ನು ಅನುದಾನ ಕೊಡುವವರು ಆಡಿಟರ್ ಶುಲ್ಕವನ್ನೂ, ಲೆಕ್ಕ ಬರೆಯುವವರ ಸಂಬಳವನ್ನೂ ಅನುದಾನದೊಳಗೇ ಸೇರಿಸಿ ಕೊಡಬೇಕು. ಕಲಾವಿದರು ತಮ್ಮ ಸಂಭಾವನೆಯಿಂದ ಅದನ್ನು ಭರಿಸುವ ಸ್ಥಿತಿ ಇರಬಾರದು.