ರೇಂಜ್ ಒಳಗೆ 1 ಇದ್ರೆ "ವ್ಯತ್ಯಾಸ ಇಲ್ಲ" ಅಂತ ಬರೀಬೇಡಿ: ಕಾನ್ಫಿಡೆನ್ಸ್ ಇಂಟರ್ವಲ್ ನೋಟ್ಸ್

ಪಿ-ವ್ಯಾಲ್ಯೂ ಡೆಫಿನಿಷನ್ ಎಲ್ಲರ ನೋಟ್ಸಲ್ಲೂ ಇರುತ್ತೆ, ಅದನ್ನ ಬಿಡ್ತೀನಿ. ಒಂದೇ ಟ್ರಯಲ್ ಹಿಡ್ಕೊಳ್ಳೋಣ: ಬ್ರಿಟನ್ನಿನ ರಿಕವರಿ, 2020ರಲ್ಲಿ ಕೋವಿಡ್‌ ಅಂತ ಆಸ್ಪತ್ರೆ ಸೇರಿದವರಿಗೆ ಡೆಕ್ಸಾಮೆಥಾಸೋನ್ (ಡೆಕ್ಸಾ) ಅನ್ನೋ ಸ್ಟೀರಾಯ್ಡ್ ಕೊಟ್ಟು ನೋಡಿದ್ದು.

28 ದಿನದೊಳಗೆ ತೀರಿಹೋದವರು ಡೆಕ್ಸಾ ಗುಂಪಿನ 2104 ಜನರಲ್ಲಿ 22.9%, ಮಾಮೂಲಿ ಚಿಕಿತ್ಸೆಯ 4321 ಜನರಲ್ಲಿ 25.7%. ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿದ ಮೇಲೆ ರೇಟ್ ರೇಶಿಯೋ (ಡೆಕ್ಸಾ ಗುಂಪಿನ ಸಾವಿನ ದರವನ್ನ ಇನ್ನೊಂದು ಗುಂಪಿನ ದರದಿಂದ ಭಾಗಿಸಿದ್ದು) 0.83, 95% ಕಾನ್ಫಿಡೆನ್ಸ್ ಇಂಟರ್ವಲ್ (ಈ ಡೇಟಾಗೆ ಹೊಂದೋ ರೇಶಿಯೋಗಳ ರೇಂಜ್) 0.75ರಿಂದ 0.93. ಎರಡು ಗುಂಪಲ್ಲೂ ಸಾವಿನ ದರ ಒಂದೇ ಇದ್ರೆ ಭಾಗಿಸಿದಾಗ 1 ಬರುತ್ತೆ, ಕಳೆದಾಗ 0 ಬರುತ್ತೆ, ಅದಕ್ಕೇ ರೇಶಿಯೋಗೆ ಗಡಿ 1, ವ್ಯತ್ಯಾಸಕ್ಕೆ ಗಡಿ 0. ಇಲ್ಲಿ ಇಡೀ ರೇಂಜ್ 1ರ ಕೆಳಗೇ ಇದೆ, ಸಿಗ್ನಿಫಿಕೆಂಟ್, ಅಂದ್ರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ.

95% ಅಂದ್ರೆ ಇಂಥದ್ದೇ ಟ್ರಯಲ್ ಮತ್ತೆ ಮತ್ತೆ ಮಾಡ್ತಾ ಹೋದ್ರೆ ಬರೋ ರೇಂಜ್‌ಗಳಲ್ಲಿ ನೂರಕ್ಕೆ ಸುಮಾರು 95 ನಿಜವಾದ ಸಂಖ್ಯೇನ ಒಳಗೆ ಹಿಡ್ಕೊಂಡಿರುತ್ವೆ ಅಂತ.

ಈಗ ಕಷ್ಟದ ಜಾಗ. ಆಕ್ಸಿಜನ್ ಬೇಕಾಗದೇ ಇದ್ದವರಲ್ಲಿ ಡೆಕ್ಸಾ ಕೊಟ್ಟ 501ರಲ್ಲಿ 89 ಸಾವು, ಕೊಡದ 1034ರಲ್ಲಿ 145. ರೇಶಿಯೋ 1.19, ಇಂಟರ್ವಲ್ 0.92ರಿಂದ 1.55. ಒಳಗೆ 1 ಇದೆ, ಸರಿ ಸಿಗ್ನಿಫಿಕೆಂಟ್ ಅಲ್ಲ, ಆದ್ರೆ "ಈ ರೋಗಿಗಳಿಗೆ ಕೊಟ್ರೂ ಒಂದೇ ಬಿಟ್ರೂ ಒಂದೇ" ಅಂತ ಇದರರ್ಥ ಅಲ್ವೇ ಅಲ್ಲ. ಎರಡೂ ತುದೀನ ಮಾತಲ್ಲಿ ಬರೀರಿ: ಎಡಕ್ಕೆ ಸಾವು 8% ಕಮ್ಮಿ, ಬಲಕ್ಕೆ 55% ಜಾಸ್ತಿ. ಈ ಎರಡರ ನಡುವಿನ ಯಾವುದನ್ನೂ ಈ ಡೇಟಾ ಸುಲಭವಾಗಿ ತಳ್ಳಿಹಾಕೋ ಹಾಗಿಲ್ಲ, ಅದ್ರಲ್ಲೂ ರೇಂಜಿನ ಹೆಚ್ಚಿನ ಪಾಲು ಹಾನಿಯ ಕಡೆಗೇ ಚಾಚಿದೆ. ಲಾಭ ಇದೆ ಅಂತ ಹೇಳೋಕೆ ಪುರಾವೆ ಇಲ್ಲ, ಹಾನಿ ಇಲ್ಲ ಅಂತ ಹೇಳೋಕೂ ಇಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಸಣ್ಣ ಜ್ವರಕ್ಕೂ ಮನೇಲೇ ಸ್ಟೀರಾಯ್ಡ್ ನುಂಗಿದವರಿದ್ರು, ಹಾಗಾಗಿ ಈ ಒಂದು ಸಾಲು ಬರೀ ಎಕ್ಸಾಮ್ ಮಾರ್ಕ್ಸಿನ ವಿಷಯ ಅಲ್ಲ ಅನ್ಸುತ್ತೆ ನಂಗೆ.

ನನ್ನ ಶಾರ್ಟ್‌ಕಟ್ ಇಷ್ಟೇ: ಪಿ ನೋಡೋಕೆ ಮುಂಚೆ ಎರಡು ತುದೀನೂ ಓದಿ, "ನಿಜವಾದ ಸಂಖ್ಯೆ ಈ ತುದಿ ಆಗಿದ್ರೆ ಔಷಧ ಕೊಡ್ತಿದ್ನಾ? ಆ ತುದಿ ಆಗಿದ್ರೆ?" ಅಂತ ಕೇಳ್ಕೊಳ್ಳಿ. ಎರಡಕ್ಕೂ ಒಂದೇ ಉತ್ತರ ಬಂದ್ರೆ ಮಾತ್ರ ಧೈರ್ಯವಾಗಿ ತೀರ್ಮಾನ ಬರೀಬಹುದು.

ವೆಂಟಿಲೇಟರ್ ಗುಂಪಲ್ಲಿ ಮಾಡಿ ನೋಡಿ. ಸಾವು ಡೆಕ್ಸಾ ಕೊಟ್ಟವರಲ್ಲಿ 29.3%, ಕೊಡದವರಲ್ಲಿ 41.4%, ರೇಶಿಯೋದ ಇಂಟರ್ವಲ್ 0.51ರಿಂದ 0.81. ಕೆಟ್ಟ ತುದಿ ತಗೊಂಡ್ರೂ ಸಾವು 19% ಕಮ್ಮಿ, ಕೊಡ್ತೀವಿ. ಇನ್ನೊಂದು ಗಮನಿಸಿ, ಈ ಗುಂಪಲ್ಲಿ ಇದ್ದಿದ್ದು 1007 ಜನ, ಆಕ್ಸಿಜನ್ ಬೇಡದವರು 1535, ಆದ್ರೂ ಇದರ ರೇಂಜೇ ಕಿರಿದು, ಯಾಕಂದ್ರೆ ಇಲ್ಲಿ ಸಾವು 378, ಅಲ್ಲಿ 234. ಇಂಥ ರೇಶಿಯೋದಲ್ಲಿ ಅಗಲ ಹೆಚ್ಚಾಗಿ ನಿರ್ಧಾರ ಆಗೋದು ಎಷ್ಟು ಘಟನೆ ನಡೆದ್ವು ಅನ್ನೋದ್ರ ಮೇಲೆ, ಎಷ್ಟು ಜನ ಸೇರಿದ್ರು ಅನ್ನೋದ್ರ ಮೇಲಲ್ಲ.