ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಹೌದೋ ಅಲ್ವೋ?

ಓದುಗರ ಪ್ರಶ್ನೆ: ಮಗಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ ಅಂತ ಇದೆ. ವಾಟ್ಸಾಪಿನಲ್ಲಿ ನೋಡಿದರೆ ಅದು ಸುಳ್ಳು, ನಮಗೆ ರಾಷ್ಟ್ರೀಯ ಕ್ರೀಡೆ ಅಂತಲೇ ಇಲ್ಲ ಅಂತಾರೆ. ಯಾವುದನ್ನು ನಂಬೋದು?

ಈ ಸಲ ವಾಟ್ಸಾಪ್ ಹೇಳಿದ್ದೇ ಸರಿ. ಅಪರೂಪಕ್ಕೆ ಹಾಗೂ ಆಗುತ್ತದೆ.

ಕೇಂದ್ರ ಸರ್ಕಾರ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ. 2012ರಲ್ಲಿ ಲಖನೌದ ಶಾಲಾ ಹುಡುಗಿಯೊಬ್ಬಳು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಇದನ್ನೇ ಕೇಳಿದಳು. ಅಂಥ ಘೋಷಣೆ ಆಗಿಲ್ಲ ಎಂದು ಕ್ರೀಡಾ ಸಚಿವಾಲಯ ಬರೆದು ಕೊಟ್ಟಿತು. 2020ರಲ್ಲಿ ಮಹಾರಾಷ್ಟ್ರದ ಶಿಕ್ಷಕರೊಬ್ಬರು ಕೇಳಿದಾಗಲೂ ಅದೇ ಉತ್ತರ. ಜನಪ್ರಿಯವಾದ ಎಲ್ಲ ಆಟಗಳಿಗೂ ಪ್ರೋತ್ಸಾಹ ಕೊಡುವುದು ನಮ್ಮ ಉದ್ದೇಶ, ಅದಕ್ಕೇ ಒಂದನ್ನು ಆರಿಸಿಲ್ಲ ಎಂಬ ಮಾತೂ ಅದರಲ್ಲಿತ್ತು. ಹಾಗಂತ ಪಠ್ಯಪುಸ್ತಕ ಬರೆದವರನ್ನು ಬೈಯಬೇಡಿ. ಸರ್ಕಾರದ್ದೇ ಜಾಲತಾಣದಲ್ಲಿ ರಾಷ್ಟ್ರೀಯ ಚಿಹ್ನೆಗಳ ಜೊತೆ ಹಾಕಿಯ ಹೆಸರೂ ಇತ್ತು. ಹುಡುಗಿಗೆ ಅನುಮಾನ ಬಂದದ್ದು ಸುಮ್ನೆ ಅಲ್ಲ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಅನ್ನೋದು ನಿಮ್ಮ ಮುಂದಿನ ಪ್ರಶ್ನೆ ಇರಬೇಕು. ಶಾಲೆಯ ಪರೀಕ್ಷೆಯಾದರೆ ಪುಸ್ತಕದಲ್ಲಿರುವುದನ್ನೇ ಬರೆಯಲಿ, ಅಂಕ ಯಾಕೆ ಕಳೆದುಕೊಳ್ಳಬೇಕು? ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ‘ಅಧಿಕೃತವಾಗಿ ಯಾವುದೂ ಇಲ್ಲ’ ಎಂಬ ಆಯ್ಕೆ ಕಂಡರೆ ಅದನ್ನೇ ಗುರುತು ಮಾಡಬೇಕು. ಇಷ್ಟಾದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಆದರೆ ಯಾರೂ ಸಹಿ ಹಾಕದ ಒಂದು ಮಾತು ಇಡೀ ದೇಶದ ಬಾಯಲ್ಲಿ ಇಷ್ಟು ವರ್ಷ ಹೇಗೆ ನಿಂತಿತು? ಅದು ಇನ್ನೂ ಚೆನ್ನಾದ ಕಥೆ.

ಬರೀ ಪದಕ ಎಣಿಸಿದರೂ ಅರ್ಧ ಉತ್ತರ ಸಿಗುತ್ತದೆ. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಒಲಿಂಪಿಕ್ಸ್‌ನಲ್ಲಿ ಸತತ ಆರು ಚಿನ್ನ. ನಡುವೆ ಒಂದು ಪಂದ್ಯವನ್ನೂ ಸೋಲಲಿಲ್ಲ. 1964ರಲ್ಲಿ ಟೋಕಿಯೊ, 1980ರಲ್ಲಿ ಮಾಸ್ಕೊ ಸೇರಿ ಒಟ್ಟು ಎಂಟು. ಬೇರೆ ಯಾವ ಆಟದಲ್ಲೂ ನಮಗೆ ಇಂಥದ್ದೊಂದು ಇರಲಿಲ್ಲ. ಕ್ರಿಕೆಟ್‌ನಲ್ಲಿ ಮೊದಲ ಟೆಸ್ಟ್ ಗೆಲ್ಲುವುದಕ್ಕೇ 1952ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಹಾಕಿ ತಂಡ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸಲ ಚಿನ್ನ ತಂದಾಗಿತ್ತು. ಒಂದು ಮಾತು ಮಾತ್ರ ಮುಚ್ಚಿಡಬಾರದು. 1932ರ ಲಾಸ್ ಏಂಜಲೀಸ್‌ನಲ್ಲಿ ಆಡಿದ್ದು ಮೂರೇ ತಂಡ. ಅಮೆರಿಕವನ್ನು 24-1ರಿಂದ ಸೋಲಿಸಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇವೆ, ಅದರಲ್ಲಿ ಧ್ಯಾನ್ ಚಂದ್ ಅವರ ತಮ್ಮ ರೂಪ್ ಸಿಂಗ್ ಒಬ್ಬರದ್ದೇ ಹತ್ತು ಗೋಲು. ಎದುರಿಗಿದ್ದವರು ಎಂಥವರು ಅನ್ನೋದನ್ನು ಯಾರೂ ಕೇಳುವುದಿಲ್ಲ.

ನನ್ನ ಪ್ರಕಾರ ಹಾಕಿಗೆ ಆ ಪಟ್ಟ ಸಿಕ್ಕಿದ್ದು ಎರಡು ಪಂದ್ಯಗಳಲ್ಲಿ. ಮೊದಲನೆಯದು 1936ರ ಬರ್ಲಿನ್ ಫೈನಲ್. ಧ್ಯಾನ್ ಚಂದ್ ನಾಯಕ. ಒಲಿಂಪಿಕ್ಸ್ ಶುರುವಾಗುವ ಮೊದಲು ಆಡಿದ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮವರನ್ನು 4-1ರಿಂದ ಸೋಲಿಸಿಬಿಟ್ಟಿತ್ತು. ತಂಡ ಗಾಬರಿಯಾಗಿ, ಊರಿನಲ್ಲೇ ಉಳಿದಿದ್ದ ದಾರಾ ಎಂಬ ಆಟಗಾರನನ್ನು ಕರೆಸಿಕೊಂಡಿತು. ಫೈನಲ್ ಮಳೆಯಿಂದ ಒಂದು ದಿನ ಮುಂದೆ ಹೋಗಿ ಆಗಸ್ಟ್ 15ಕ್ಕೆ ಬಿತ್ತು. ಆ ತಾರೀಕಿಗೆ ಮುಂದೆ ಬರಲಿದ್ದ ಅರ್ಥ ಆಗ ಯಾರಿಗೂ ಗೊತ್ತಿರಲಿಲ್ಲ, ಅಲ್ವಾ? ನಮ್ಮ ತಂಡದ ಅಧಿಕೃತ ಬಾವುಟ ಬ್ರಿಟಿಷರದ್ದು. ಆದರೆ ಡ್ರೆಸ್ಸಿಂಗ್ ಕೋಣೆಯಲ್ಲಿ ಸಹಾಯಕ ಮ್ಯಾನೇಜರ್ ಪಂಕಜ್ ಗುಪ್ತಾ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಮೈದಾನಕ್ಕೆ ಇಳಿದರು. ತಂಡದ ನಾಯಕನೇ ಬ್ರಿಟಿಷ್ ಸೇನೆಯ ಸಿಪಾಯಿ ಅನ್ನೋದನ್ನು ನೆನಪಿಟ್ಟು ಈ ದೃಶ್ಯ ನೋಡಿ.

ಮೈದಾನ ಒದ್ದೆ. ಅರ್ಧ ಆಟ ಮುಗಿದಾಗ ಭಾರತ 1, ಜರ್ಮನಿ 0. ವಿರಾಮದ ನಂತರ ಧ್ಯಾನ್ ಚಂದ್ ಬೂಟು ಕಳಚಿಟ್ಟು ಆಡಿದರು ಎನ್ನುತ್ತಾರೆ. ಪಂದ್ಯ ಮುಗಿದಾಗ 8-1. ಆ ಒಲಿಂಪಿಕ್ಸ್‌ನಲ್ಲಿ ನಮಗೆ ಯಾರಾದರೂ ಹೊಡೆದ ಗೋಲು ಅಂದರೆ ಅದೊಂದೇ. ಹಿಟ್ಲರ್ ಧ್ಯಾನ್ ಚಂದ್‌ಗೆ ಜರ್ಮನ್ ಸೇನೆಯಲ್ಲಿ ಹುದ್ದೆ ಕೊಡ್ತೀನಿ ಅಂದ, ಕೋಲಿನಲ್ಲಿ ಅಯಸ್ಕಾಂತ ಇದೆಯೇನೋ ಎಂದು ಮುರಿದು ನೋಡಿದರು, ಇಂಥ ಕಥೆಗಳನ್ನು ನೀವೂ ಕೇಳಿರುತ್ತೀರಿ. ಗಟ್ಟಿ ಆಧಾರ ಯಾವುದಕ್ಕೂ ಇಲ್ಲ. ತಮ್ಮನ್ನು 4-1ರಿಂದ ಸೋಲಿಸಿದ ತಂಡದೆದುರೇ ಕೆಲವೇ ವಾರಗಳಲ್ಲಿ 8-1ರಿಂದ ಗೆದ್ದ ನಾಯಕನಿಗೆ ಈ ಉಪ್ಪು ಖಾರ ಬೇಕೂ ಇಲ್ಲ.

ಎರಡನೆಯದು 1948ರ ಆಗಸ್ಟ್ 12, ಲಂಡನ್ನಿನ ವೆಂಬ್ಲಿ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಫೈನಲ್‌ನಲ್ಲಿ ಎದುರಾಳಿ ಬ್ರಿಟನ್. ಈ ಆಟವನ್ನು ನಮಗೆ ಕಲಿಸಿದವರೇ ಅವರು, ಆದರೆ 1928ರಿಂದ 1936ರವರೆಗೆ ಒಲಿಂಪಿಕ್ಸ್‌ಗೆ ಹಾಕಿ ತಂಡ ಕಳಿಸಿರಲಿಲ್ಲ. ಸೋತರೆ ಆಳುವವರ ಮರ್ಯಾದೆ ಏನಾಗಬೇಕು ಎಂಬ ಅಂಜಿಕೆಯೇ ಕಾರಣ ಎಂದು ನಮ್ಮವರು ಹೇಳುತ್ತಿದ್ದರು. ಈಗ ಅವರ ರಾಜಧಾನಿಯಲ್ಲೇ, ಅವರ ಜನರ ಮುಂದೆಯೇ 4-0. ಬಲಬೀರ್ ಸಿಂಗ್ ಹಿರಿಯರದ್ದು ಎರಡು ಗೋಲು. ಇದೇ ಬಲಬೀರ್ ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿ ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಒಬ್ಬರೇ ಐದು ಗೋಲು ಹೊಡೆದರು. ಪುರುಷರ ಒಲಿಂಪಿಕ್ಸ್ ಫೈನಲ್‌ನಲ್ಲಿ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ವೆಂಬ್ಲಿಯಲ್ಲಿ ಯೂನಿಯನ್ ಜಾಕ್‌ಗಿಂತ ಮೇಲೆ ತ್ರಿವರ್ಣ ಏರಿತು, ಜನಗಣಮನ ಕೇಳಿಸಿತು. ಹೊಸ ದೇಶಕ್ಕೆ ಇದಕ್ಕಿಂತ ಇನ್ನೇನು ಬೇಕಿತ್ತು? ಅದಾದ ಮೇಲೆ ಹಾಕಿ ನಮ್ಮ ರಾಷ್ಟ್ರೀಯ ಆಟ ಎಂದು ಜನ ತಾವೇ ತೀರ್ಮಾನಿಸಿಬಿಟ್ಟರು. ದೆಹಲಿಯ ಕಡತಕ್ಕೆ ಕಾಯಲಿಲ್ಲ. ಮೇಲೆ ಹೇಳಿದ ದಾರಾ ನೆನಪಿದ್ದಾರಲ್ಲ, ಅದೇ 1948ರ ಒಲಿಂಪಿಕ್ಸ್‌ನಲ್ಲಿ ಅವರು ಪಾಕಿಸ್ತಾನ ತಂಡದ ನಾಯಕ. ದೇಶ ಎರಡಾದಾಗ ಆಟವೂ ಎರಡಾಯಿತು. 1960ರ ರೋಮ್ ಫೈನಲ್‌ನಲ್ಲಿ ನಮ್ಮ ಗೆಲುವಿನ ಸರಪಳಿ ಕಡಿದದ್ದೂ ಪಾಕಿಸ್ತಾನವೇ, 1-0ರಿಂದ.

ಕರ್ನಾಟಕದವರಿಗೆ ಹಾಕಿ ಅಂದ ತಕ್ಷಣ ಕೊಡಗು ನೆನಪಾಗುತ್ತದೆ. 1973ರ ವಿಶ್ವಕಪ್‌ನಲ್ಲಿ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅಲ್ಲಿಯವರು. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ನಾವು ಗೆದ್ದ ಒಂದೇ ಒಂದು ವಿಶ್ವಕಪ್ ಇದೆಯಲ್ಲ, ಆ ತಂಡದಲ್ಲಿ ಬಿ.ಪಿ. ಗೋವಿಂದ ಇದ್ದರು. ಗೆಲುವಿನ ಗೋಲು ಧ್ಯಾನ್ ಚಂದ್ ಮಗ ಅಶೋಕ್ ಕುಮಾರ್ ಅವರದ್ದು. ಚೆಂಡು ಗೋಲು ಕಂಬಕ್ಕೆ ಬಡಿದು ಹೊರಗೆ ಚಿಮ್ಮಿತು, ಪಾಕಿಸ್ತಾನದವರು ಗೋಲೇ ಅಲ್ಲ ಎಂದು ಗಲಾಟೆ ಮಾಡಿದರು, ಅಂಪೈರ್ ಗೋಲು ಅಂದರು. ಮಾಸ್ಕೊದ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು, 1988ರ ಸೋಲ್‌ನಲ್ಲಿ ಅವರೇ ನಾಯಕ. ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್. ಇಷ್ಟು ಸಣ್ಣ ಜಿಲ್ಲೆಗೆ ಈ ಹೆಸರುಗಳು ಜಾಸ್ತಿಯೇ ಅನ್ನಬೇಕು.

ಅಲ್ಲಿನ ಗುಟ್ಟು ಗೊತ್ತಾಗಬೇಕಾದರೆ ಬೇಸಿಗೆಯಲ್ಲಿ ಹೋಗಿ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಬೇಕು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಶುರು ಮಾಡಿದಾಗ ಬಂದದ್ದು 60 ಕುಟುಂಬ. ಪ್ರತಿ ವರ್ಷ ಒಂದೊಂದು ಮನೆತನ ಹಬ್ಬದ ಹೊಣೆ ಹೊರುತ್ತದೆ, ಕಪ್‌ಗೆ ಆ ಮನೆತನದ ಹೆಸರೇ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ ಬಂದ ತಂಡಗಳು 360, ಗಿನ್ನಿಸ್ ದಾಖಲೆಯೂ ಆಯಿತು. ಇಲ್ಲಿ ತಂಡ ಅಂದರೆ ಒಂದೇ ಮನೆ ಹೆಸರಿನವರು. ದೇಶಕ್ಕೆ ಆಡಿದವರ ಪಕ್ಕದಲ್ಲೇ ತಲೆ ನರೆತ ದೊಡ್ಡಪ್ಪ ನಿಂತಿರುತ್ತಾರೆ, ಶಾಲೆಗೆ ಹೋಗುವ ಹುಡುಗಿಯೂ ಕೋಲು ಹಿಡಿದು ಓಡುತ್ತಿರುತ್ತಾಳೆ. ‘ರಾಷ್ಟ್ರೀಯ’ ಅನ್ನುವುದು ಬಿಡಿ, ಆಟವೊಂದು ಮನೆಯ ಆಟವಾಗುವುದು ಹೀಗೆ.

ಹಾಗಾದರೆ ಉಳಿದ ಕಡೆ ಯಾಕೆ ಇಳಿಯಿತು? ಮುಖ್ಯ ಕಾರಣ ನೆಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಟರ್ಫ್ ಬಂತು. ಹುಲ್ಲಿನ ಮೇಲೆ ಚೆಂಡು ಅಲ್ಲಿ ಇಲ್ಲಿ ಪುಟಿಯುತ್ತದೆ, ಅದನ್ನು ಕೋಲಿಗೆ ಅಂಟಿಸಿಕೊಂಡಂತೆ ಹೋಗುವ ಕೈಚಳಕಕ್ಕೆ ಬೆಲೆ ಇತ್ತು. ಟರ್ಫ್ ಮೇಲೆ ಚೆಂಡು ನೇರವಾಗಿ, ಜೋರಾಗಿ ಉರುಳುತ್ತದೆ. ಉದ್ದದ ಪಾಸ್, ಓಟ, ದಮ್ಮು ಇದ್ದವರ ಆಟ ಅದು. ಯುರೋಪಿನ ಕ್ಲಬ್ಬುಗಳು ಬೇಗ ಟರ್ಫ್ ಹಾಸಿಕೊಂಡವು, ನಮ್ಮ ಹುಡುಗರು ವರ್ಷಗಟ್ಟಲೆ ಹುಲ್ಲಿನ ಮೇಲೆ ಕಲಿತು ಪಂದ್ಯದ ದಿನ ಟರ್ಫ್ ಮೇಲೆ ಆಡಬೇಕಾಯಿತು. ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದೆದುರು 1-7. 2008ರ ಬೀಜಿಂಗ್‌ಗೆ ಅರ್ಹತೆಯೇ ಸಿಗಲಿಲ್ಲ. ಮಾಸ್ಕೊ ಚಿನ್ನ ನಡುವೆ ಬಂತಲ್ಲ ಅನ್ನಬಹುದು. ಆ ಸಲ ಬಹಿಷ್ಕಾರದಿಂದಾಗಿ ದೊಡ್ಡ ತಂಡಗಳು ಬಂದಿರಲಿಲ್ಲ. ಎಲ್ಲ ತಪ್ಪನ್ನೂ ಟರ್ಫ್ ತಲೆಗೆ ಕಟ್ಟುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆಡಳಿತದ ಒಳಜಗಳಗಳ ಪಾಲೂ ಅದರಲ್ಲಿತ್ತು.

ಮತ್ತೆ ಏಳುವುದಕ್ಕೆ 2021 ಬರಬೇಕಾಯಿತು. ಟೋಕಿಯೊದಲ್ಲಿ ಕಂಚಿಗಾಗಿ ಜರ್ಮನಿ ವಿರುದ್ಧ ಪಂದ್ಯ. 1-3ರಿಂದ ಹಿಂದಿದ್ದವರು 5-4ಕ್ಕೆ ಬಂದರು. ಇನ್ನು ಆರೇಳು ಸೆಕೆಂಡ್ ಇದೆ ಅನ್ನುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ಒಳ್ಳೆಯ ಅವಕಾಶ. ಗೋಲ್‌ಕೀಪರ್ ಶ್ರೀಜೇಶ್ ಚೆಂಡು ತಡೆದರು, ಆಮೇಲೆ ಗೋಲು ಕಂಬದ ಮೇಲೆ ಹತ್ತಿ ಕೂತರು. 41 ವರ್ಷದ ನಂತರ ಒಲಿಂಪಿಕ್ಸ್ ಪದಕ. ಅದೇ ಟೋಕಿಯೊದಲ್ಲಿ ರಾಣಿ ರಾಂಪಾಲ್ ನಾಯಕತ್ವದ ಮಹಿಳಾ ತಂಡ ಆಸ್ಟ್ರೇಲಿಯಾವನ್ನು 1-0ಯಿಂದ ಮನೆಗೆ ಕಳಿಸಿ ನಾಲ್ಕನೇ ಸ್ಥಾನ ಪಡೆಯಿತು. 2024ರ ಪ್ಯಾರಿಸ್‌ನಲ್ಲಿ ಪುರುಷರಿಗೆ ಮತ್ತೆ ಕಂಚು, ಸ್ಪೇನ್ ವಿರುದ್ಧದ ಎರಡೂ ಗೋಲು ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರದ್ದು. ನನಗೆ ಅದಕ್ಕಿಂತ ಹಿಡಿಸಿದ್ದು ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್. 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್, ಉಳಿದಷ್ಟೂ ಹೊತ್ತು ಹತ್ತೇ ಜನ. 1-1ರಲ್ಲಿ ಹಿಡಿದಿಟ್ಟು ಶೂಟೌಟ್‌ನಲ್ಲಿ ಗೆದ್ದರು.

ಇಷ್ಟೆಲ್ಲ ಇದ್ದ ಮೇಲೆ ಒಂದು ಘೋಷಣೆ ಮಾಡಿಬಿಡಬಾರದೇ ಎಂದು ಕೇಳುವವರಿದ್ದಾರೆ. ಟೋಕಿಯೊ ಪದಕ ಬಂದ ಮರುದಿನವೇ ಖೇಲ್ ರತ್ನ ಪ್ರಶಸ್ತಿಗೆ ಧ್ಯಾನ್ ಚಂದ್ ಹೆಸರು ಬಂತು. ಅವರು ಹುಟ್ಟಿದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಘೋಷಣೆ ಮಾತ್ರ ಆಗಲಿಲ್ಲ. ಹಾಕಿಯನ್ನು ರಾಷ್ಟ್ರೀಯ ಕ್ರೀಡೆ ಮಾಡಿ ಎಂಬ ಅರ್ಜಿ 2021ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಇದು ಕೋರ್ಟ್ ಮಾಡುವ ಕೆಲಸವಲ್ಲ ಎಂದು ವಾಪಸ್ ಬಂತು.

ಮಾಡಿದರೆ ಏನು ಬದಲಾಗುತ್ತದೆ ಅನ್ನೋದು ನನ್ನ ಪ್ರಶ್ನೆ. ಕೆನಡಾ 1994ರಲ್ಲಿ ಕಾನೂನನ್ನೇ ತಂದು ಚಳಿಗಾಲಕ್ಕೆ ಐಸ್ ಹಾಕಿ, ಬೇಸಿಗೆಗೆ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ಎಂದು ಎರಡು ರಾಷ್ಟ್ರೀಯ ಕ್ರೀಡೆ ಮಾಡಿತು. ಅದರಿಂದ ಲಕ್ರಾಸ್ ಐಸ್ ಹಾಕಿಯಷ್ಟು ದೊಡ್ಡದೇನೂ ಆಗಲಿಲ್ಲ. ನಮ್ಮಲ್ಲೂ ಒಡಿಶಾದ ಅಂದಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ 2018ರಲ್ಲಿ ಪ್ರಧಾನಿಗೆ ಪತ್ರ ಬರೆದು ಇದೇ ಬೇಡಿಕೆ ಇಟ್ಟಿದ್ದರು. ಪತ್ರಕ್ಕೆ ಫಲ ಸಿಗಲಿಲ್ಲ. ಆದರೆ ಅದೇ ವರ್ಷ ಒಡಿಶಾ ಸರ್ಕಾರ ಪುರುಷ, ಮಹಿಳಾ ತಂಡಗಳೆರಡಕ್ಕೂ ಪ್ರಾಯೋಜಕತ್ವ ವಹಿಸಿಕೊಂಡಿತ್ತು. ಆಮೇಲೆ ದಿಲೀಪ್ ತಿರ್ಕಿಯಂಥ ಆಟಗಾರರನ್ನು ಕೊಟ್ಟ ಸುಂದರಗಢ ಜಿಲ್ಲೆಯ ರೂರ್ಕೆಲಾದಲ್ಲಿ 20,000 ಜನ ಕೂರುವ ಬಿರ್ಸಾ ಮುಂಡಾ ಕ್ರೀಡಾಂಗಣ ಕಟ್ಟಿ, 2023ರ ವಿಶ್ವಕಪ್‌ನ ಹಲವು ಪಂದ್ಯಗಳನ್ನು ಅಲ್ಲಿಗೇ ತಂದಿತು.